ಸಾವಿರ ರೂಪಾಯಿಯ ಹೆಡ್‌ಫೋನ್: ನಂಬಿಕೆ ಎಷ್ಟು, ನಿಜ ಎಷ್ಟು?

2005ರ ಡಿಸೆಂಬರ್ ಕೊನೆಗೆ ಗಣಿ ನಿಂತ ಮೇಲೆ ಕುದುರೆಮುಖದ ಕಂಪನಿ ಊರು ಬಹುಪಾಲು ಖಾಲಿಯಾಯಿತು. ಅಲ್ಲಿ ಉಳಿದವರು ಸಣ್ಣಪುಟ್ಟ ಸಾಮಾನಿಗೂ ಕಳಸಕ್ಕೆ ಬರಬೇಕು. ಕಳಸದಲ್ಲಿ ಸಿಗದ್ದಕ್ಕೆ ಮೂಡಿಗೆರೆ, ಅಲ್ಲೂ ಇಲ್ಲದಿದ್ದರೆ ಚಿಕ್ಕಮಗಳೂರು. ಕಳಸದಿಂದ ಚಿಕ್ಕಮಗಳೂರಿಗೆ ಸುಮಾರು 90 ಕಿ.ಮೀ. ತಿರುವಿನ ದಾರಿ. ಆನ್‌ಲೈನ್‌ನಲ್ಲಿ ತರಿಸಿದರೂ ಕೆಟ್ಟದ್ದನ್ನು ವಾಪಸು ಕಳಿಸುವುದು ಸುಲಭವಲ್ಲ; ಎಸ್ಟೇಟಿನ ಲೈನ್ ಮನೆಯವರೆಗೆ ಕೊರಿಯರ್ ಹುಡುಗ ಬರುವುದಿಲ್ಲ. ಇಂಥ ಕಡೆ ಹೆಡ್‌ಫೋನ್ ಕೆಟ್ಟು, ಐನೂರೋ ಸಾವಿರವೋ ಹೊಂದಿಸಿಕೊಂಡು ಬದಲಿ ತರುವವರಿಗೆ ಆಯ್ಕೆ ತಪ್ಪಿದರೆ ದುಡ್ಡಿನ ಜೊತೆ ಒಂದು ದಿನದ ಕೂಲಿಯೂ ಹೋಗುತ್ತದೆ. ಹಾಗಾಗಿ ಅಂಗಡಿಯಲ್ಲಿ, ಬಸ್ಸಿನಲ್ಲಿ, ಕಾಫಿ ಕಣದಲ್ಲಿ ಕೇಳಿಬರುವ ಮಾತುಗಳನ್ನು ಕೊಳ್ಳುವ ಮೊದಲೇ ಒರೆಗೆ ಹಚ್ಚಿ ನೋಡುವುದು ಒಳ್ಳೆಯದು.

ನಂಬಿಕೆ: ಒಂದು ಕಡೆ ಕೇಳುತ್ತಿಲ್ಲ ಅಂದರೆ ಹೊಸದೇ ಗತಿ.

ಎಷ್ಟೋ ಸಲ ಕೆಟ್ಟಿರುವುದು ಹೆಡ್‌ಫೋನ್ ಅಲ್ಲವೇ ಅಲ್ಲ. ಮೊದಲು ಅದನ್ನು ಬೇರೆ ಫೋನಿಗೆ ಹಾಕಿ ನೋಡಿ. ಅಲ್ಲಿ ಸರಿಯಾಗಿ ಕೇಳಿದರೆ ನಿಮ್ಮ ಫೋನಿನ ತೂತಿನಲ್ಲಿ ಜೇಬಿನ ನೂಲು, ಧೂಳು ಗಟ್ಟಿಯಾಗಿ ಕೂತಿರಬಹುದು. ಫೋನ್ ಆಫ್ ಮಾಡಿ ಮರದ ಕಡ್ಡಿಯಿಂದ ಮೆಲ್ಲಗೆ ಕೆದಕಿದರೆ ಬರುತ್ತದೆ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ ಎಡ-ಬಲ ಬ್ಯಾಲೆನ್ಸ್ ಒಂದು ಬದಿಗೆ ಸರಿದಿದ್ದರೂ ಹೀಗೇ ಆಗುತ್ತದೆ. ಕಿವಿಯೊಳಗೆ ಕೂರುವ ಬಗೆಯದಾದರೆ ಅದರ ಸಣ್ಣ ಜಾಲರಿಯನ್ನು ಬೆಳಕಿಗೆ ಹಿಡಿಯಿರಿ. ಗುಗ್ಗೆ ಮೆತ್ತಿಕೊಂಡಿದ್ದರೆ ಧ್ವನಿ ಅರ್ಧಕ್ಕರ್ಧ ಇಳಿದಿರುತ್ತದೆ. ರಬ್ಬರ್ ತುದಿ ತೆಗೆದು, ಜಾಲರಿಯನ್ನು ಕೆಳಮುಖ ಮಾಡಿ ಒಣ ಬ್ರಷ್ಷಿನಿಂದ ಉಜ್ಜಿದರೆ ಸಾಕು.

ಪಿನ್ನಿನ ಹತ್ತಿರ ವೈರನ್ನು ಅಲ್ಲಾಡಿಸಿದಾಗ ಧ್ವನಿ ಬಂದುಹೋಗಿ ಮಾಡಿದರೆ ಒಳಗೆ ತಂತಿ ತುಂಡಾಗಿದೆ. ವೈರಿನ ಹೆಡ್‌ಫೋನ್ ಹೆಚ್ಚಾಗಿ ಸಾಯುವುದೇ ಇಲ್ಲಿ. ಪಿನ್ ಕತ್ತರಿಸಿ ವೈರ್ ಸುಲಿದರೆ ಕೂದಲಿನಷ್ಟು ಸಣ್ಣ ಎಳೆಗಳು ಕಾಣುತ್ತವೆ. ಸಾಮಾನ್ಯವಾಗಿ ಕೆಂಪು ಬಲಗಿವಿಗೆ, ಹಸಿರು ಅಥವಾ ನೀಲಿ ಎಡಗಿವಿಗೆ, ಬರಿಯ ತಾಮ್ರದ ಬಣ್ಣದ್ದು ಎರಡಕ್ಕೂ ಸೇರಿದ ಗ್ರೌಂಡ್. ಆ ಬಣ್ಣ ಬರೀ ಗುರುತಿಗೆ ಹಚ್ಚಿದ್ದಲ್ಲ, ವಿದ್ಯುತ್ ತಡೆಯುವ ಮೆರುಗೆಣ್ಣೆಯ ಲೇಪ. ಅದನ್ನು ಕಾದ ಬೆಸುಗೆ ಕಡ್ಡಿಯಿಂದ ಸುಟ್ಟು ತೆಗೆಯದೆ ಬೆಸೆದರೆ ಧ್ವನಿ ಬರುವುದಿಲ್ಲ. ಮನೆಯಲ್ಲಿ ರಿಪೇರಿ ಮಾಡಿ ಸೋತವರಲ್ಲಿ ಹೆಚ್ಚಿನವರು ಎಡವುವುದು ಇದೊಂದರಲ್ಲಿ. ಹೊಸ ಪಿನ್ನಿಗೆ ಹತ್ತಾರು ರೂಪಾಯಿ ಅಷ್ಟೇ. ಫೋನ್ ರಿಪೇರಿ ಮಾಡುವ ಅಂಗಡಿಯವರ ಕೈಲಿ ಇದು ಬೇಗನೆ ಮುಗಿಯುವ ಕೆಲಸ. ತಲೆಯ ಮೇಲೆ ಕೂರುವ ಹೆಡ್‌ಫೋನಿನ ಮೆತ್ತೆ ಹರಿದಿದ್ದರೂ ಅಷ್ಟೇ. ಮೆತ್ತೆ ಮಾತ್ರ ಬೇರೆ ಸಿಗುತ್ತದೆ.

ನಂಬಿಕೆ: ದುಡ್ಡು ಹೆಚ್ಚಾದಷ್ಟೂ ಧ್ವನಿ ಚೆನ್ನ.

2017ರಲ್ಲಿ ಜೆರೋನ್ ಬ್ರೀಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನ್‌ಗಳ ಅಳತೆಗಳನ್ನು ಅವುಗಳ ಬೆಲೆಯೊಂದಿಗೆ ಇಟ್ಟು ನೋಡಿದರು. ಮಂದ್ರದಿಂದ ತಾರದವರೆಗೆ ಯಾವ ಸ್ವರ ಎಷ್ಟು ಜೋರಾಗಿ ಕೇಳುತ್ತದೆ ಎಂಬ ಗುಣಕ್ಕೂ ಬೆಲೆಗೂ ಸಂಬಂಧವೇ ಕಾಣಲಿಲ್ಲ. ಕಿವಿಗೆ ಚೆನ್ನಾಗಿದೆ ಅನಿಸಲು ಮುಖ್ಯ ಕಾರಣ ಈ ಗುಣವೇ. ಹೆಚ್ಚಿನ ದುಡ್ಡಿಗೆ ಗಟ್ಟಿಯಾದ ಕಟ್ಟು, ಒಳ್ಳೆಯ ಮೆತ್ತೆ, ಗದ್ದಲ ತಡೆಯುವ ಸೌಲಭ್ಯ ಸಿಗಬಹುದು. ಅವು ಬೇಡ ಎನ್ನುವವರು ಐನೂರು ರೂಪಾಯಿಯ ವೈರಿನದನ್ನು ಧೈರ್ಯವಾಗಿ ಕೊಳ್ಳಬಹುದು.

ನಂಬಿಕೆ: ಡಬ್ಬಿಯ ಮೇಲಿನ ಅಂಕಿ ದೊಡ್ಡದಿದ್ದರೆ ಒಳ್ಳೆಯದು.

ಡ್ರೈವರ್, ಅಂದರೆ ಒಳಗಿನ ಪುಟ್ಟ ಸ್ಪೀಕರ್, 13 ಮಿ.ಮೀ. ಎಂದಿದ್ದರೆ ಅದು 10 ಮಿ.ಮೀ.ನದಕ್ಕಿಂತ ಮೇಲು ಎಂದೇನಿಲ್ಲ. 20ರಿಂದ 20,000 ಹರ್ಟ್ಸ್ ಎಂದು ಎಲ್ಲರೂ ಅಚ್ಚು ಹಾಕುತ್ತಾರೆ. ಅದು ಮನುಷ್ಯನ ಕಿವಿಯ ಮಿತಿ. ಆ ಹರವಿನಲ್ಲಿ ಧ್ವನಿ ಎಷ್ಟು ಏರಿಳಿಯುತ್ತದೆ ಎಂದು ಹೇಳದ ಹೊರತು ಅದರಿಂದ ಏನೂ ತಿಳಿಯುವುದಿಲ್ಲ. ಬ್ಲೂಟೂತ್ 5.0 ಇರಲಿ 5.3 ಇರಲಿ, ಹಾಡಿನ ಇಂಪು ಆ ಸಂಖ್ಯೆಯಿಂದ ಹೆಚ್ಚುವುದಿಲ್ಲ. ‘50 ಗಂಟೆ’ ಎಂಬುದರಲ್ಲಿ ಇಯರ್‌ಬಡ್ ಚಾರ್ಜ್ ಮಾಡುವ ಡಬ್ಬಿಯೊಳಗಿನ ಬ್ಯಾಟರಿಯೂ ಸೇರಿರುತ್ತದೆ. ಕಿವಿಗೆ ಹಾಕಿಕೊಂಡದ್ದು ಒಂದೇ ಸಮ ಎಷ್ಟು ಹೊತ್ತು ಬರುತ್ತದೆ ಎಂದು ಬೇರೆಯಾಗಿ ಕೇಳಬೇಕು.

ಡಬ್ಬಿ ಹೇಳದ, ಎಲ್ಲಕ್ಕಿಂತ ಮುಖ್ಯವಾದ ವಿಷಯವೆಂದರೆ ಅದು ನಿಮ್ಮ ಕಿವಿಗೆ ಸರಿಯಾಗಿ ಕೂರುತ್ತದೆಯೇ ಎಂಬುದು. ರಬ್ಬರ್ ತುದಿ ಕಿವಿಯ ಕೊಳವೆಯನ್ನು ಸುತ್ತಲೂ ಮುಚ್ಚದಿದ್ದರೆ ಮೃದಂಗದ ಎಡಭಾಗದಂಥ ಮಂದ್ರ ಧ್ವನಿಯೆಲ್ಲ ಆ ಸಂದಿಯಿಂದ ಸೋರಿಹೋಗುತ್ತದೆ. ‘ಬೇಸ್ ಇಲ್ಲ’ ಎಂದು ಮೂಲೆಗೆ ಎಸೆದ ಎಷ್ಟೋ ಇಯರ್‌ಫೋನ್‌ಗಳಿಗೆ ಇದ್ದ ರೋಗ ಇಷ್ಟೇ. ಹೊರಗಿನ ಸದ್ದೂ ಅದೇ ಸಂದಿಯಿಂದ ಒಳಗೆ ಬರುತ್ತದೆ. ಆ ಸದ್ದನ್ನು ಮೀರಿಸಲು ನಾವು ವಾಲ್ಯೂಮ್ ಏರಿಸುತ್ತೇವೆ. ಕಿವಿಗೆ ಪೆಟ್ಟು ಬೀಳಲು ಶುರುವಾಗುವುದು ಅಲ್ಲಿಂದ. ಡಬ್ಬಿಯಲ್ಲಿ ಮೂರು ಅಳತೆಯ ತುದಿಗಳನ್ನು ಕೊಟ್ಟಿರುತ್ತಾರೆ, ಹೆಚ್ಚಿನವರು ಸಿಕ್ಕಿಸಿ ಬಂದದ್ದನ್ನೇ ಕೊನೆಯವರೆಗೂ ಹಾಕುತ್ತಾರೆ. ಮೂರನ್ನೂ ಹಾಕಿ ನೋಡಿ. ಎರಡು ಕಿವಿಗೆ ಎರಡು ಅಳತೆ ಬೇಕಾಗುವುದೂ ಉಂಟು. ಸರಿಯಾಗಿ ಕೂತಾಗ ಸುತ್ತಲಿನ ಸದ್ದು ತಟ್ಟನೆ ಕುಗ್ಗುತ್ತದೆ, ನಿಮ್ಮ ಮಾತು ನಿಮಗೇ ತಲೆಯೊಳಗಿಂದ ಕೇಳಿದಂತಾಗುತ್ತದೆ.

ನಂಬಿಕೆ: ಇಎನ್‌ಸಿ ಎಂದು ಬರೆದಿದ್ದರೆ ಹೊರಗಿನ ಗದ್ದಲ ಕೇಳಿಸುವುದಿಲ್ಲ.

ಕಡಿಮೆ ಬೆಲೆಯ ಡಬ್ಬಿಗಳಲ್ಲಿ ಜನ ಅತಿ ಹೆಚ್ಚು ಮೋಸಹೋಗುವುದು ಈ ಮೂರು ಅಕ್ಷರಗಳಿಂದ. ಇಎನ್‌ಸಿ ಕೆಲಸ ಮಾಡುವುದು ಮೈಕಿಗೆ. ಕರೆ ಮಾಡಿದಾಗ ನಿಮ್ಮ ಸುತ್ತಲಿನ ಗಾಳಿ, ಮಳೆ, ಬಸ್ಸಿನ ಸದ್ದು ಆ ಕಡೆಯವರಿಗೆ ಕಡಿಮೆ ಕೇಳುತ್ತದೆ. ನಿಮ್ಮ ಕಿವಿಗೆ ಅದರಿಂದ ಏನೂ ಆಗುವುದಿಲ್ಲ. ನಿಮ್ಮ ಕಿವಿಯ ಗದ್ದಲ ಇಳಿಸುವುದು ಎಎನ್‌ಸಿ. ಹೊರಗಿನ ಸದ್ದನ್ನು ಸಣ್ಣ ಮೈಕ್ ಹಿಡಿದು, ಅದಕ್ಕೆ ತದ್ವಿರುದ್ಧವಾದ ಅಲೆ ಹುಟ್ಟಿಸಿ ಎರಡನ್ನೂ ಕಳೆದುಬಿಡುವುದು ಅದರ ವಿಧಾನ. ಬಸ್ ಎಂಜಿನ್ನಿನ ಒಂದೇ ಸಮನೆಯ ಗುಡುಗುಡು ಸದ್ದನ್ನು ಇದು ಚೆನ್ನಾಗಿ ತಗ್ಗಿಸುತ್ತದೆ. ಮಾತು, ಹಾರ್ನ್, ಚೀರು ಸದ್ದಿನ ಮುಂದೆ ಸೋಲುತ್ತದೆ. ತಗಡಿನ ಮಾಡಿನ ಮೇಲೆ ಬೀಳುವ ಜಡಿಮಳೆಯ ಚಟಪಟ ಸದ್ದನ್ನೂ ಪೂರ್ತಿ ಅಳಿಸಲಾರದು.

ನಂಬಿಕೆ: ವೈರಿನದು ಹಳೆಯ ಕಾಲದ್ದು.

ಮಳೆಗಾಲ ಹಿಡಿದ ಮೇಲೆ ನಮ್ಮ ಕಡೆ ಈ ಮಾತಿಗೆ ಬೆಲೆ ಇಲ್ಲ. ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿ ಹೊರನಾಡಿನ ದಾರಿ ಕಟ್ಟಾಗುವ ದಿನಗಳಲ್ಲಿ ಕರೆಂಟೂ ಹೋಗಿರುತ್ತದೆ, ಟವರಿನ ಬ್ಯಾಟರಿ ಮುಗಿದು ನೆಟ್‌ವರ್ಕೂ ಹೋಗಿರುತ್ತದೆ. ಆಗ ಸುದ್ದಿ ತಿಳಿಯಲು ಉಳಿಯುವುದು ರೇಡಿಯೋ. ಫೋನಿನ ಎಫ್‌ಎಂಗೆ ಇಂಟರ್ನೆಟ್ ಬೇಡ, ಆದರೆ ಆಂಟೆನಾ ಬೇಕು. ಆ ಆಂಟೆನಾ ಇಯರ್‌ಫೋನಿನ ವೈರ್. ಎಫ್‌ಎಂ ಅಲೆಯ ಉದ್ದ ಸುಮಾರು 3 ಮೀಟರ್. ಅದರ ಕಾಲು ಭಾಗ, ಅಂದರೆ ಮುಕ್ಕಾಲು ಮೀಟರಿನಷ್ಟು ತಂತಿ ಇದ್ದರೆ ಅಲೆಯನ್ನು ಚೆನ್ನಾಗಿ ಹಿಡಿಯುತ್ತದೆ. ಬ್ಲೂಟೂತ್ ಇಯರ್‌ಫೋನ್ ಈ ಕೆಲಸ ಮಾಡಲಾರದು. 2023ರಲ್ಲಿ ಕೇಂದ್ರ ಮಾಹಿತಿ ತಂತ್ರಜ್ಞಾನ ಸಚಿವಾಲಯ ಫೋನ್ ತಯಾರಕರಿಗೆ ಎಫ್‌ಎಂ ಅನ್ನು ಮುಚ್ಚಿಡಬೇಡಿ ಎಂದು ಸೂಚಿಸಿದ್ದೂ ವಿಪತ್ತಿನ ಸಮಯವನ್ನು ಮನಸ್ಸಿನಲ್ಲಿಟ್ಟುಕೊಂಡೇ. ಆದರೆ ಎಫ್‌ಎಂ ಅಲೆ ಗುಡ್ಡ ದಾಟಿ ಬಾಗುವುದಿಲ್ಲ. ಮನೆ ಕಣಿವೆಯಲ್ಲಿದ್ದರೆ ರೇಡಿಯೋ ಕೇಂದ್ರದ ದಿಕ್ಕಿಗೆ ತೆರೆದುಕೊಂಡ ದಿಬ್ಬ ಹತ್ತಬೇಕು. ಹಳೆಯ ರೇಡಿಯೋದಲ್ಲಿ ಭದ್ರಾವತಿ ಆಕಾಶವಾಣಿಯನ್ನು 675 ಕಿಲೋಹರ್ಟ್ಸ್‌ನಲ್ಲಿ ಕೇಳಿದವರು ಅದನ್ನು ಫೋನಿನಲ್ಲಿ ಹುಡುಕಬೇಡಿ. ಅದು ಮಧ್ಯಮ ತರಂಗ, ಫೋನಿಗೆ ಸಿಗುವುದಿಲ್ಲ.

ವೈರಿನದಕ್ಕೆ ಚಾರ್ಜ್ ಬೇಡ ಎಂಬುದು ಕರೆಂಟಿಲ್ಲದ ಊರಿನಲ್ಲಿ ಸಣ್ಣ ಲಾಭವಲ್ಲ. ಆನ್‌ಲೈನ್ ತರಗತಿ ಕೇಳುವ ಮಕ್ಕಳಿಗೂ ಅದೇ ಮೇಲು. ಬ್ಲೂಟೂತ್‌ನಲ್ಲಿ ಮೈಕ್ ತೆರೆದ ಕೂಡಲೇ ಮೇಷ್ಟ್ರ ಧ್ವನಿ ಮಂಕಾದರೆ ಇಯರ್‌ಫೋನ್ ಕೆಟ್ಟಿತೆಂದು ಹೊಸದು ತರಬೇಡಿ. ಕೇಳುವುದು, ಮಾತಾಡುವುದು ಎರಡೂ ಒಟ್ಟಿಗೆ ನಡೆಯಬೇಕಾದಾಗ ಬ್ಲೂಟೂತ್ ಕಡಿಮೆ ಗುಣಮಟ್ಟದ ದಾರಿಗೆ ಇಳಿಯುತ್ತದೆ, ಅಷ್ಟೇ.

ವೈರಿಲ್ಲದ್ದು ಬೇಕೇ ಬೇಕು ಎನ್ನುವ ತೋಟದ ಕೆಲಸದವರಿಗೆ ಕುತ್ತಿಗೆಗೆ ಹಾಕುವ ನೆಕ್‌ಬ್ಯಾಂಡ್ ಒಳ್ಳೆಯದು. ಬಿಡಿ ಇಯರ್‌ಬಡ್ ಕಾಫಿ ಗಿಡದ ಬುಡದ ದರಗಿನಲ್ಲಿ ಬಿದ್ದರೆ ಸಿಗುವುದು ಕಷ್ಟ. ಅದರೊಳಗಿನ ಲಿಥಿಯಂ ಬ್ಯಾಟರಿ ಎರಡು-ಮೂರು ವರ್ಷದಲ್ಲಿ ಸೊರಗಿದಾಗ ಬದಲಿಸಿಕೊಡುವವರೂ ಇಲ್ಲ. ಬ್ಲೂಟೂತ್ ಕಿರಣ ತಲೆಗೆ ಹಾನಿ ಎಂಬ ಹೆದರಿಕೆ ಮಾತ್ರ ಬೇಡ. ಅದು ಹೊರಸೂಸುವುದು ಕೆಲವೇ ಮಿಲಿವಾಟ್. ಕಿವಿಗೆ ಹಿಡಿದು ಮಾತಾಡುವ 2ಜಿ ಫೋನಿನ ಗರಿಷ್ಠ ಶಕ್ತಿ 2 ವಾಟ್, ಅಂದರೆ ನೂರಾರು ಪಟ್ಟು ಹೆಚ್ಚು.

ನಂಬಿಕೆ: ಐಪಿಎಕ್ಸ್4 ಇದ್ದರೆ ಮಳೆಗೆ ಚಿಂತೆಯಿಲ್ಲ.

4 ಅಂದರೆ ಎಲ್ಲ ದಿಕ್ಕಿನಿಂದ ಚಿಮುಕಿಸಿದ ನೀರನ್ನು ಪರೀಕ್ಷೆಯ ಸ್ವಲ್ಪ ಹೊತ್ತು ತಡೆಯಿತು ಎಂದರ್ಥ. ಅದೂ ಶುದ್ಧ ನೀರು, ಉಪ್ಪಿನ ಬೆವರಲ್ಲ. ನಡುವಿನ ಎಕ್ಸ್ ಧೂಳಿನ ಪರೀಕ್ಷೆ ಆಗಿಲ್ಲ ಎನ್ನುತ್ತದೆ. ಆಷಾಢದ ಮಳೆಯಲ್ಲಿ ದಿನವಿಡೀ ನಿಲ್ಲುವ ಮಾತು ಅದರಲ್ಲಿ ಎಲ್ಲೂ ಇಲ್ಲ. ಒದ್ದೆಯಾದದ್ದನ್ನು ಅಕ್ಕಿಯಲ್ಲಿ ಹುಗಿದರೆ ಸರಿಹೋಗುತ್ತದೆ ಎಂಬುದೂ ಸುಳ್ಳೇ. ಅಕ್ಕಿಯ ಪುಡಿ ಜಾಲರಿಗೆ ಹೊಕ್ಕು ಇನ್ನಷ್ಟು ಕಟ್ಟಿಕೊಳ್ಳುತ್ತದೆ. ಬಚ್ಚಲ ಒಲೆಯ ಪಕ್ಕ ಇಟ್ಟರೆ ಅಂಟು ಬಿಡುತ್ತದೆ, ಬ್ಯಾಟರಿ ಹಾಳಾಗುತ್ತದೆ. ಬಟ್ಟೆಯಿಂದ ಒರೆಸಿ, ಗಾಳಿಯಾಡುವ ಕಡೆ ಒಂದು ದಿನ ಬಿಟ್ಟು, ಪೂರ್ತಿ ಒಣಗುವವರೆಗೆ ಚಾರ್ಜಿಗೆ ಹಾಕದಿರುವುದು ಸರಿಯಾದ ಕ್ರಮ. ಮಳೆಗಾಲದ ನಾಲ್ಕು ತಿಂಗಳು ಅದನ್ನು ಸಿಲಿಕಾ ಜೆಲ್ ಚೀಟಿ ಹಾಕಿದ ಮುಚ್ಚಳದ ಡಬ್ಬಿಯಲ್ಲಿಡಿ. ಇಲ್ಲದಿದ್ದರೆ ಮೆತ್ತೆಗೆ ಬೂಷ್ಟು, ಪಿನ್ನಿಗೆ ಕಿಲುಬು ಹಿಡಿಯುವುದು ಖಂಡಿತ.

ನಂಬಿಕೆ: ಕಳೆ ಯಂತ್ರ ಹಿಡಿಯುವಾಗ ಇಯರ್‌ಫೋನ್ ಹಾಕಿಕೊಂಡರೆ ಕಿವಿಗೆ ರಕ್ಷಣೆ.

ಈ ನಂಬಿಕೆ ಮಾತ್ರ ಬೇಗ ಹೋಗಬೇಕು. ಕಾಫಿ ತೋಟಗಳಲ್ಲಿ ಕತ್ತಿಯ ಜಾಗಕ್ಕೆ ಬ್ರಷ್ ಕಟ್ಟರ್ ಬಂದಿದೆ. ಬೆನ್ನಿಗೋ ಹೆಗಲಿಗೋ ಪೆಟ್ರೋಲ್ ಎಂಜಿನ್, ಕಿವಿಯಲ್ಲಿ ಹಾಡು, ಹೀಗೆ ಬೆಳಿಗ್ಗೆಯಿಂದ ಸಂಜೆಯವರೆಗೆ ಸಾಲು ಸಾಲು ಕಳೆ ಹೊಡೆಯುವ ಹುಡುಗರನ್ನು ಮೂಡಿಗೆರೆಯಿಂದ ಕಳಸದವರೆಗೆ ಯಾವ ತೋಟದಲ್ಲೂ ನೋಡಬಹುದು. ಯಂತ್ರ ಹಿಡಿದವರ ಕಿವಿಯ ಹತ್ತಿರ ಅದರ ಸದ್ದು ಸಾಮಾನ್ಯವಾಗಿ 95 ಡೆಸಿಬೆಲ್ ಆಸುಪಾಸು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರು 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು, ಮಕ್ಕಳಿಗೆ ಮಿತಿ 75 ಡೆಸಿಬೆಲ್. ಸದ್ದು 3 ಡೆಸಿಬೆಲ್ ಏರಿದಂತೆಲ್ಲ ಕಾಲ ಅರ್ಧಕ್ಕೆ ಇಳಿಯಬೇಕು. ಹಾಗೆ ಇಳಿಸುತ್ತ ಹೋದರೆ 90 ಡೆಸಿಬೆಲ್‌ಗೆ ವಾರಕ್ಕೆ 4 ಗಂಟೆ, 95ಕ್ಕೆ ಒಂದೂಕಾಲು ಗಂಟೆ. ವಾರದ ಪಾಲು ಸೋಮವಾರ ಬೆಳಗಿನ ಕಾಫಿಗೆ ಮೊದಲೇ ಮುಗಿದಿರುತ್ತದೆ. ಇನ್ನು ಎಂಜಿನ್ನಿನ ಸದ್ದಿನ ಮೇಲೆ ಹಾಡು ಕೇಳಬೇಕೆಂದರೆ ಹಾಡು ಅದಕ್ಕಿಂತ ಜೋರಾಗಿರಬೇಕಲ್ಲ? ಎಎನ್‌ಸಿ ಇದ್ದರೂ ಈ ಚೀರು ಸದ್ದಿಗೆ ಅದನ್ನು ರಕ್ಷಣೆ ಎಂದು ನಂಬುವಂತಿಲ್ಲ.

ಒಳಗಿವಿಯಲ್ಲಿ ಸದ್ದು ಹಿಡಿಯುವ ಕೂದಲಿನಂಥ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು 4,000 ಹರ್ಟ್ಸ್ ಸುತ್ತಲಿನ ಕೇಳ್ಮೆ. ಹಾಗಾಗಿ ಮಾತು ಕೇಳುತ್ತದೆ, ಆದರೆ ‘ಸ’, ‘ತ’ಗಳು ಸ್ಪಷ್ಟವಾಗುವುದಿಲ್ಲ. ಇಪ್ಪತ್ತೈದರ ಹುಡುಗ ಮನೆಯಲ್ಲಿ ಅಮ್ಮ ಹೇಳಿದ್ದಕ್ಕೆ ‘ಆಂ?’ ಎಂದು ಮತ್ತೆ ಮತ್ತೆ ಕೇಳತೊಡಗಿದರೆ ಅದು ಉದಾಸೀನ ಅಲ್ಲದೆ ಇರಬಹುದು. ಎರಡೂ ಕಿವಿ ಮುಚ್ಚಿಕೊಂಡು ತೋಟದಲ್ಲಿ ನಡೆಯುವುದರಲ್ಲಿ ಇನ್ನೊಂದು ಅಪಾಯವೂ ಇದೆ. ಆನೆ, ಕಾಟಿ ಓಡಾಡುವ ತಾಲ್ಲೂಕುಗಳಿವು; ಬೆಳಗಿನ ಮಂಜಿನಲ್ಲಿ ಕೊಂಬೆ ಮುರಿದ ಸದ್ದು ಕಿವಿಗೆ ಬೀಳಲೇಬೇಕು.

ಆದ್ದರಿಂದ ಯಂತ್ರದ ಕೆಲಸ ಮಾಡುವವರ ಹತ್ತಿರ ಸಾವಿರ ರೂಪಾಯಿ ಇದ್ದರೆ ಅದರಲ್ಲಿ ಮೊದಲ ಪಾಲು ಕಾರ್ಖಾನೆಯವರು ಬಳಸುವ ಇಯರ್‌ಮಫ್‌ಗೋ ಮೆತ್ತನೆಯ ಇಯರ್‌ಪ್ಲಗ್‌ಗೋ ಹೋಗಲಿ. ನ್ಯಾಯವಾಗಿ ಅದನ್ನು ಯಂತ್ರದ ಜೊತೆಗೇ ತೋಟದ ಮಾಲೀಕರು ಕೊಡಿಸಬೇಕು. ಉಳಿದ ದುಡ್ಡಿಗೆ, ಸಂಜೆ ಮನೆಯಲ್ಲಿ ಹಾಡು ಕೇಳಲು, ಮೈಕ್ ಇರುವ ಒಂದು ವೈರಿನ ಇಯರ್‌ಫೋನ್ ಬರುತ್ತದೆ. ನಿಮ್ಮ ಫೋನಿಗೇ ಹಾಕಿ ನೋಡಿ ಕೊಳ್ಳಿ. ಟೈಪ್-ಸಿ ಪಿನ್ನಿನವು ಎಲ್ಲ ಫೋನಿಗೂ ಆಗುವುದಿಲ್ಲ. ಡಬ್ಬಿಯ ಮೇಲೆ ತಯಾರಕರ ಅಥವಾ ಆಮದು ಮಾಡಿದವರ ಹೆಸರು, ವಿಳಾಸ, ಎಂಆರ್‌ಪಿ, ತಿಂಗಳು-ವರ್ಷ ಇರಲೇಬೇಕು. ಇಲ್ಲದ್ದು ಎಷ್ಟು ಅಗ್ಗವಾದರೂ ಬೇಡ. ಬಿಲ್ ಕೇಳಿ ಪಡೆಯಿರಿ. ವಾರಂಟಿ ಇದ್ದೂ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಕೆಲಸ ಬಿಟ್ಟ ಮೇಲೂ ರಾತ್ರಿ ಕಿವಿ ಗುಂಯ್ ಎನ್ನುತ್ತಿದ್ದರೆ ಹೆಡ್‌ಫೋನ್ ಬದಲಿಸಿ ಪ್ರಯೋಜನವಿಲ್ಲ. ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಯಲ್ಲಿ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ. ಹೆಚ್ಚಿನ ಪರೀಕ್ಷೆ ಬೇಕಾದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಲ್ಲಿ ಕೇಂದ್ರ ಸರ್ಕಾರ ಈ ಕೆಲಸಕ್ಕೆಂದೇ ಕಟ್ಟಿದ್ದು.