ಜಗ್ಗಾಡಿದ ಹಗ್ಗವೇ ಬೆಸೆದ ಕತೆ

ಹಗೆತನಕ್ಕೆ ಹಳೆಯ ಕಾರಣವೊಂದು ಇರಲೇಬೇಕೆಂಬುದು ಬಹುಜನರ ಎಣಿಕೆ. ಜಾತಿ, ಮತ, ಭಾಷೆ, ಮೈಬಣ್ಣ, ಮುತ್ತಾತಂದಿರ ಕಾಲದ ಅನ್ಯಾಯ, ಇವುಗಳಲ್ಲಿ ಯಾವುದೊಂದೂ ಇಲ್ಲದೆ ಎರಡು ಗುಂಪುಗಳು ಕಾದಾಡಲಾರವೆಂದು ತೋರುವುದು ಸಹಜ. ಆದರೆ ಇವೊಂದೂ ಇಲ್ಲದೆಡೆಯಲ್ಲಿಯೂ ಹಗೆ ಮೊಳೆಯಬಲ್ಲುದೆಂಬುದನ್ನು ೧೯೫೪ರ ಬೇಸಗೆಯಲ್ಲಿ ಅಮೆರಿಕದ ೨೨ ಮಂದಿ ಬಾಲಕರು ತಮಗೇ ಅರಿವಿಲ್ಲದಂತೆ ತೋರಿಸಿಕೊಟ್ಟರು.

ಆ ಪ್ರಯೋಗವನ್ನು ಹೂಡಿದವರು ಮನಶ್ಶಾಸ್ತ್ರಜ್ಞ ಮುಝಫರ್ ಶೆರಿಫ್ ಮತ್ತು ಅವರ ಸಂಗಡಿಗರು. ಶೆರಿಫರು ಹುಟ್ಟಿದ್ದು ತುರ್ಕಿಯಲ್ಲಿ. ೧೯೧೯ರಲ್ಲಿ ಗ್ರೀಕ್ ಸೈನ್ಯವು ಇಜ್ಮೀರ್ ನಗರದಲ್ಲಿ ಬಂದಿಳಿದಾಗ ಅವರಿನ್ನೂ ಎಳೆಯ ಹುಡುಗ. ಗುಂಪಿನ ಹೆಸರಿನಲ್ಲಿ ಮನುಷ್ಯನು ಮನುಷ್ಯನನ್ನು ಏಕೆ ಕೊಲ್ಲುತ್ತಾನೆಂಬ ಪ್ರಶ್ನೆ ಮುಂದೆ ಅವರ ವಿದ್ವತ್ತಿನ ಕೇಂದ್ರವಾಯಿತು.

ಶಿಬಿರಕ್ಕೆ ಆರಿಸಿದ ಹುಡುಗರು ಸುಮಾರು ಹನ್ನೊಂದು ವರ್ಷದವರು; ಎಲ್ಲರೂ ಓಕ್ಲಹೋಮ ನಗರದ ಮಧ್ಯಮವರ್ಗದ ಮನೆಗಳ ಮಕ್ಕಳು. ಬಣ್ಣ ಒಂದೇ, ಮತವೂ ಒಂದೇ. ಪರಸ್ಪರ ಪರಿಚಯ ಮಾತ್ರ ಇರಲಿಲ್ಲ. ರಾಬರ್ಸ್ ಕೇವ್ ಎಂಬ ವನಪ್ರದೇಶಕ್ಕೆ ಅವರನ್ನು ಎರಡು ತಂಡಗಳಾಗಿ ಕರೆತಂದು, ದೂರದೂರದ ಬಿಡಾರಗಳಲ್ಲಿ ಇಳಿಸಿದರು. ಮೊದಮೊದಲು ಒಂದು ತಂಡದ ಸುಳಿವು ಇನ್ನೊಂದಕ್ಕಿರಲಿಲ್ಲ. ಈಜು, ಅಲೆದಾಟಗಳ ನಡುವೆ ಪ್ರತಿ ತಂಡಕ್ಕೂ ತನ್ನದೇ ಮುಂದಾಳು, ತನ್ನದೇ ಕಟ್ಟಳೆ ಒದಗಿದುವು. ಹೆಸರೂ ಬಂದಿತು: ಒಂದು 'ಈಗಲ್ಸ್', ಎಂದರೆ ಹದ್ದುಗಳು, ಮತ್ತೊಂದು 'ರ್ಯಾಟ್ಲರ್ಸ್', ಎಂದರೆ ಬಾಲದಿಂದ ಗಿಲಕಿಯ ಸದ್ದು ಮಾಡುವ ಹಾವುಗಳು.

ಆಮೇಲೆ ಪಂದ್ಯಗಳು ಮೊದಲಾದುವು. ಗೆದ್ದ ತಂಡದವರಿಗೆ ಪದಕ, ಚಾಕು, ಸೋತವರಿಗೆ ಬರಿಗೈ. ಬೈಗುಳಕ್ಕೆ ಬಹಳ ಹೊತ್ತು ಹಿಡಿಯಲಿಲ್ಲ. ಹಗ್ಗಜಗ್ಗಾಟದಲ್ಲಿ ಸೋತ ಹದ್ದುಗಳು ಎದುರಾಳಿಗಳ ಬಾವುಟವನ್ನು ಸುಟ್ಟರು. ಹಾವುಗಳು ಹದ್ದುಗಳ ಬಿಡಾರಕ್ಕೆ ನುಗ್ಗಿ ಸೂರೆಮಾಡಿದರು. ಕಾಲುಚೀಲದಲ್ಲಿ ಕಲ್ಲು ತುಂಬಿಟ್ಟುಕೊಳ್ಳುವವರೆಗೂ ಸಂಗತಿ ಹೋಯಿತು. ಈ ನಡುವೆ ಕಾಳು ಹೆಕ್ಕುವ ಸ್ಪರ್ಧೆಯೊಂದು ನಡೆಯಿತು. ಒಬ್ಬೊಬ್ಬನೂ ಹೆಕ್ಕಿದ್ದೆಂದು ಪರದೆಯ ಮೇಲೆ ತೋರಿಸಿದ್ದು ಪ್ರತಿ ಸಲವೂ ಅದೇ ೩೫ ಕಾಳು. ಹುಡುಗರಿಗಾದರೋ ತಮ್ಮವರ ಕಾಳು ಹೆಚ್ಚಾಗಿಯೂ ಅನ್ಯರದು ಕಡಿಮೆಯಾಗಿಯೂ ಕಂಡಿತು. ಕಣ್ಣೇ ಪಕ್ಷ ಹಿಡಿದಿತ್ತು!

ಇನ್ನು ಸಂಧಿಯ ಮಾತು. ಇಬ್ಬರನ್ನೂ ಒಟ್ಟಿಗೆ ಊಟಕ್ಕೆ ಕೂರಿಸಿದ್ದಾಯಿತು. ಅನ್ನದ ತಟ್ಟೆಯೇ ಆಯುಧಶಾಲೆಯಾಯಿತು. ಬರಿಯ ಸಹವಾಸದಿಂದ ಸ್ನೇಹ ಹುಟ್ಟಲಿಲ್ಲ. ಆಗ ಶೆರಿಫರು ಒಂದೇ ತಂಡದಿಂದ ನೀಗದ ಕಷ್ಟಗಳನ್ನು ತಂದೊಡ್ಡಿದರು. ಶಿಬಿರಕ್ಕೆ ನೀರು ನಿಂತಿತು; ಬಾಯಾರಿದ ಇಬ್ಬಣವೂ ಕೂಡಿ ತೊಟ್ಟಿಯ ಬಳಿ ದೋಷ ಹುಡುಕಿತು. ಚಲನಚಿತ್ರ ತರಿಸಲು ಇಬ್ಬರೂ ಹಣ ಕೂಡಿಸಬೇಕಾಯಿತು. ಊಟ ತರಬೇಕಾದ ಲಾರಿ ಕೆಟ್ಟು ನಿಂತಾಗ, ಹಿಂದೆ ಒಬ್ಬರನ್ನೊಬ್ಬರು ಜಗ್ಗಾಡಿದ ಹಗ್ಗವನ್ನೇ ಅದಕ್ಕೆ ಕಟ್ಟಿ ಎಲ್ಲರೂ ಒಂದೇ ಕಡೆಗೆ ಎಳೆದರು. ಇಂಥ ಹಲವು ಕೆಲಸಗಳಾದ ಮೇಲೆ ಹಗೆ ತಣ್ಣಗಾಯಿತು. ಒಂದೇ ಬಸ್ಸಿನಲ್ಲಿ ಹಿಂದಿರುಗುವಾಗ, ಹಾವುಗಳು ತಾವು ಗೆದ್ದ ಐದು ಡಾಲರಿನಿಂದ ಎಲ್ಲರಿಗೂ ಹಾಲಿನ ಪಾನೀಯ ಕೊಡಿಸಿದರು.

ಈ ಕತೆಗೆ ಮರೆಯಲ್ಲಿದ್ದ ಪೀಠಿಕೆಯೊಂದುಂಟು. ಹಿಂದಿನ ವರ್ಷ, ೧೯೫೩ರಲ್ಲಿ, ನ್ಯೂಯಾರ್ಕ್ ಸಂಸ್ಥಾನದಲ್ಲಿ ಇಂಥದೇ ಶಿಬಿರ ನಡೆದಿತ್ತು. ಅಲ್ಲಿ ಹುಡುಗರು ಮೊದಲು ಒಟ್ಟಿಗೆ ಬೆರೆತು ಗೆಳೆಯರಾದರು. ಅನಂತರ ಅವರನ್ನು ಬೇರ್ಪಡಿಸಲಾಯಿತು. ಏನು ಮಾಡಿದರೂ ಅವರು ಹಗೆಗಳಾಗಲಿಲ್ಲ. ಕಿತಾಪತಿ ಹಿರಿಯರದೇ ಎಂಬ ಗುಮಾನಿ ಹುಡುಗರಲ್ಲಿ ಮೂಡಿತು. ಪ್ರಯೋಗ ಅರ್ಧಕ್ಕೇ ನಿಂತಿತು. ಜೀನಾ ಪೆರ್ರಿಯವರು ೨೦೧೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದರ ವಿವರಗಳಿವೆ. ಅರಿಯದ ಮಕ್ಕಳನ್ನು ಹೀಗೆ ಕೆಣಕಿದ್ದು ನ್ಯಾಯವೇ ಎಂಬ ಆಕ್ಷೇಪವೂ ಅಲ್ಲಗಳೆಯುವಂಥದಲ್ಲ.

ಎರಡು ಶಿಬಿರಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ತಿಳಿಯುವುದಿಷ್ಟು: 'ನಮ್ಮವರು' ಎಂಬ ಭಾವನೆ ಮನುಷ್ಯನಿಗೆ ಸಹಜ, 'ಅವರು' ಎಂಬ ಹಗೆ ಮಾತ್ರ ಅಷ್ಟು ಅನಿವಾರ್ಯವಲ್ಲ. ಒಬ್ಬರ ಗೆಲುವು ಇನ್ನೊಬ್ಬರ ಸೋಲಾಗುವಂತೆ ಪಂದ್ಯ ಹೂಡುವವರು ಇದ್ದಾಗ ಅದು ಬೇಗ ಬೆಳೆಯುತ್ತದೆ. ಬೇಲಿಗೆ ಮೊದಲೇ ಬೆಳೆದ ಗೆಳೆತನವಿದ್ದಾಗ ಬೇರೂರಲಾರದು. ಶಾಂತಿಯನ್ನು ಬಯಸುವವರು ಉಪದೇಶವನ್ನೂ ಔತಣವನ್ನೂ ಮಾತ್ರ ನಂಬಿ ಕುಳಿತರೆ ಸಾಲದು. ಇಬ್ಬರಿಗೂ ಬೇಕಾದ ನೀರು ಎಲ್ಲಿ ನಿಂತಿದೆ, ಇಬ್ಬರೂ ಎಳೆಯಬೇಕಾದ ಲಾರಿ ಯಾವುದು ಎಂದು ಹುಡುಕಬೇಕು. ಹಗ್ಗವಂತೂ ಕೈಯಲ್ಲೇ ಇದೆ.