ಮಮಕಾರನ ಮಗಳು ಮಾಯೆ

ರೋಮಿನಲ್ಲಿದ್ದ ಚಿತ್ರಕಾರ ಸಾಲ್ವತೋರ್ ರೋಸಾ 1662ರ ಸುಮಾರಿಗೆ ಮೇಣ ಬಳಿದ ತಾಮ್ರದ ತಗಡಿನ ಮೇಲೆ ಸೂಜಿಯಿಂದ ಗೀರಿ, ಅದನ್ನು ಆಮ್ಲಕ್ಕೆ ಒಡ್ಡಿದ. ಗೀರಿದ ಕಡೆ ಆಮ್ಲ ತಾಮ್ರವನ್ನು ತಿಂದಿತು. ಆ ಗೆರೆಗಳಿಗೆ ಮಸಿ ತುಂಬಿ ಕಾಗದಕ್ಕೆ ಒತ್ತಿದಾಗ ಮೂಡಿದ್ದು ಅವನದೇ ಪ್ರತಿಭೆಯ ಚಿತ್ರ. ಒರಗಿ ಕೂತ ತರುಣ ತನ್ನ ಹೃದಯವನ್ನೇ ಒಬ್ಬಳ ಕೈಗಿಡುತ್ತಾನೆ, ಅವಳು ಪ್ರಾಮಾಣಿಕತೆ. ಅವನಿಗೆ ಟೊಪ್ಪಿಗೆ ಕೊಡುವವಳು ಸ್ವಾತಂತ್ರ್ಯ. ಯಾವ ಗುಣಕ್ಕೆ ಯಾವ ವೇಷ, ಕೈಯಲ್ಲಿ ಏನು ಎಂದು ಕಲಾವಿದರಿಗೆ ತಿಳಿಸುವ ಚೆಸಾರೆ ರಿಪಾನ ಕೈಪಿಡಿ 1593ರಲ್ಲೇ ಬಂದಿತ್ತು.

ಗುಬ್ಬಿಯವಳಾದ ನನಗೆ, ಗುಣಗಳೇ ಹೀಗೆ ಹೆಣ್ಣಾಗಿ ನಿಂತ ಈ ಚಿತ್ರವನ್ನು ನೋಡಿದಾಗಲೆಲ್ಲ ನೆನಪಾಗುವವಳು ಚಾಮರಸನ ಮಾಯೆ. ಅಡಕೆ ಸುಲಿಯುವವರ ಮಧ್ಯೆ ಕೂತು ನಮ್ಮ ತಾತ 'ಪ್ರಭುಲಿಂಗಲೀಲೆ' ಓದುತ್ತಿದ್ದರು. ಶರಣ ಅಲ್ಲಮಪ್ರಭುವಿನ ಕತೆಯನ್ನು ಚಾಮರಸ ಹೇಳಿದ, ಹದಿನೈದನೆಯ ಶತಮಾನದ ಭಾಮಿನಿ ಷಟ್ಪದಿಯ ಕಾವ್ಯ. 25 ಗತಿ, 1,111 ಪದ್ಯ. ಅಲ್ಲಮನ ತಂದೆ ನಿರಹಂಕಾರ, ತಾಯಿ ಸುಜ್ಞಾನಿ. ಬನವಸೆಯ ದೊರೆ ಮಮಕಾರ, ರಾಣಿ ಮೋಹಿನಿ, ಮಗಳು ಮಾಯೆ. ಪಾರ್ವತಿಯ ತಾಮಸ ಕಳೆಯೇ ಹೀಗೆ ಹುಟ್ಟಿ ಬಂದದ್ದು. ಸಾತ್ವಿಕ ಕಳೆ ಮುಂದೆ ಅಕ್ಕಮಹಾದೇವಿಯಾಗುತ್ತದೆ. ಸುಲಿಯುವ ಹೆಂಗಸರಿಗೆ ಯಾರೂ ಅರ್ಥ ಬಿಡಿಸಬೇಕಿರಲಿಲ್ಲ. "ಮಮಕಾರನ ಮಗಳಲ್ವಾ, ಬಿಟ್ಟಾಳಾ?" ಎನ್ನುತ್ತಿದ್ದರು, ಮೆಟ್ಟುಗತ್ತಿಯಿಂದ ಕಣ್ಣೆತ್ತದೆ.

ಚಾಮರಸನಿಗಿಂತ ಮೊದಲು ಹರಿಹರ ಅಲ್ಲಮನ ಕತೆ ಬರೆದಾಗ ಅಲ್ಲಿದ್ದವಳು ಕಮಲತೆ; ಮದ್ದಳೆಕಾರ ಅಲ್ಲಮ ಒಲಿದ, ಜ್ವರ ಬಂದು ತೀರಿಹೋದ ಹೆಣ್ಣು. ಅಲ್ಲಮ ಅವಳಿಗಾಗಿ ಹಂಬಲಿಸಿ ಅಲೆಯುತ್ತಾನೆ. ಚಾಮರಸ ಆ ಹೆಣ್ಣನ್ನು ತೆಗೆದು ಮಾಯೆಯನ್ನು ತಂದ. ಅಲ್ಲಮನಿಗೆ ಅಂಟು ತಾಗಬಾರದಿತ್ತು. ಬರಿಯ ತತ್ತ್ವವಾಗಿ ನಿಲ್ಲಬಹುದಾಗಿದ್ದ ಅವಳು ಅಲ್ಲಮನ ಮದ್ದಳೆಗೆ ಕುಣಿಯುತ್ತಾಳೆ, ಆಸೆಪಡುತ್ತಾಳೆ, ಬೆನ್ನುಹತ್ತುತ್ತಾಳೆ, ಸೋಲುತ್ತಾಳೆ. ಅವಳು ಸೋಲುವ ಕಡೆ ತಾತನ ದನಿ ಇಳಿಯುತ್ತಿತ್ತು. ಗೆದ್ದದ್ದು ವೈರಾಗ್ಯ, ಮರುಕವೆಲ್ಲ ಮಾಯೆಗೆ! ರೋಸಾನ ಸ್ವಾತಂತ್ರ್ಯಕ್ಕೆ ಈ ಭಾಗ್ಯವಿಲ್ಲ, ಟೊಪ್ಪಿಗೆ ಕೊಟ್ಟರೆ ಅವಳ ಕೆಲಸ ಮುಗಿಯಿತು.

ನಮ್ಮ ಸೀಮೆಯಲ್ಲಿ ಅಲ್ಲಮನಿಗೆ ಇನ್ನೊಂದು ದಾರಿಯೂ ಉಂಟು. ತುಮಕೂರಿನಿಂದ ಕುಣಿಗಲ್ ಕಡೆಗೆ ಹೊರಟರೆ ಗೂಳೂರು ಸಿಗುತ್ತದೆ. ಶೂನ್ಯಸಂಪಾದನೆಯ ಕೊನೆಯ ಪರಿಷ್ಕರಣ ಗೂಳೂರ ಸಿದ್ಧವೀರಣ್ಣೊಡೆಯರದು. ಕುಣಿಗಲ್ ಸೀಮೆಯ ಕಗ್ಗೆರೆಯ ತೋಟದಲ್ಲಿ ತಪಸ್ಸಿಗೆ ಕೂತು, ಎಡೆಯೂರಿನಲ್ಲಿ ಗದ್ದುಗೆಯಾದ ತೋಂಟದ ಸಿದ್ಧಲಿಂಗರ ಪರಂಪರೆ ಅದು. ಶೂನ್ಯಸಂಪಾದನೆಯಲ್ಲಿ ಅಲ್ಲಮ ಬಸವಣ್ಣ, ಅಕ್ಕ, ಸಿದ್ಧರಾಮರ ಎದುರು ಕೂತು ಮಾತಿನಲ್ಲೇ ಎಲ್ಲವನ್ನೂ ಬಿಡಿಸುತ್ತಾನೆ. ದೊಡ್ಡ ಗ್ರಂಥ, ನಿಜ. ಆದರೂ ಅಡಕೆ ಚಪ್ಪರದಡಿ ಕೂತವರು ಕೇಳುತ್ತಿದ್ದುದು ಚಾಮರಸನನ್ನೇ. ರೋಸಾ ತಗಡು ಗೀರಿದ ಆ ಶತಮಾನದಲ್ಲೇ ಶಿವಪ್ರಕಾಶರು ಈ ಕಾವ್ಯವನ್ನು ತಮಿಳಿಗೆ ತಂದರು, ಮಾಯೆ ಅಲ್ಲಿಯೂ ಕುಣಿದಳು.