ಮೊಟ್ಟೆಗೆ ಮುನ್ನ ಹಾವಿನ ಆಹಾರ

ಜಾವಳಿಯ ಸುತ್ತಲಿನ ಮಲೆನಾಡಿನಲ್ಲಿ ವಾಸಿಸುವ ಕಾಳಿಂಗ ಸರ್ಪವು ಜಗತ್ತಿನ ವಿಷದ ಹಾವುಗಳಲ್ಲೆಲ್ಲ ಉದ್ದವಾದ ಜಾತಿಗೆ ಸೇರಿದುದೆಂದು ನಾವು ಬಲ್ಲೆವು. ಪಶ್ಚಿಮ ಘಟ್ಟದ ಈ ಹಾವು ಪ್ರತ್ಯೇಕ ಪ್ರಭೇದವೆಂದು 2024ರಲ್ಲಿ ಗುರುತಿಸಿದ ವಿಜ್ಞಾನಿಗಳು ‘ಕಾಳಿಂಗ’ ಎಂಬ ಹೆಸರನ್ನೇ ಅದಕ್ಕಿತ್ತರು. ಕೇರೆಹಾವು ಮೊದಲಾದ ಇತರ ಹಾವುಗಳೇ ಅದರ ಮುಖ್ಯ ಆಹಾರ.

ಬೇಸಿಗೆಯಲ್ಲಿ ಕೂಡಿದ ಬಳಿಕ ಹೆಣ್ಣು ತರಗೆಲೆಗಳನ್ನು ರಾಶಿಮಾಡಿ ಗೂಡು ಕಟ್ಟುತ್ತದೆ. ಸುಮಾರು 20ರಿಂದ 40 ಮೊಟ್ಟೆಗಳನ್ನಿಟ್ಟು ವಾರಗಟ್ಟಲೆ ಕಾಯುತ್ತದೆ. ಆಗ ಅದು ಬೇಟೆಗೆ ಹೋಗುವುದಿಲ್ಲ. ಹಾಗಾದರೆ ಮೊಟ್ಟೆಗೂ ಈ ಉಪವಾಸಕ್ಕೂ ಬೇಕಾದ ಶಕ್ತಿಯೆಲ್ಲಿಯದು? ಮೊದಲೇ ತಿಂದು ಮೈಯಲ್ಲಿ ಕೂಡಿಟ್ಟ ಕೊಬ್ಬೇ ಅದರ ಮೂಲ.

ಮಂಗಳೂರಿನ ಪಿಲಿಕುಳ ಜೈವಿಕ ಉದ್ಯಾನದಲ್ಲಿ ಕಾಳಿಂಗದ ಮರಿಗಳು ಹುಟ್ಟಿದುದುಂಟು. ಸೆರೆಯಲ್ಲಿ ಯಾವ ಹಾವಿನ ಸಂತಾನವನ್ನು ಬೆಳೆಸುವುದಾದರೂ ಕೂಡುವ ಕಾಲಕ್ಕೆ ಮುನ್ನ ಹೆಣ್ಣಿಗೆ ಸಾಕಷ್ಟು ಉಣಿಸಬೇಕು, ಬೊಜ್ಜು ಬೆಳೆಯಗೊಡಬಾರದು. ಆಹಾರವು ಹಾವಿನ ಮೈಯ ದಪ್ಪವನ್ನು ಬಹಳ ಮೀರಬಾರದು. ಇಲಿ ತಿನ್ನುವ ಹಾವಿಗೆ ಸತ್ತ ಇಲಿಯೇ ಲೇಸು. ಜೀವಂತ ಇಲಿ ಹಾವನ್ನೇ ಕಚ್ಚಬಹುದು. ಉಂಡ ಹಾವನ್ನು ಬೆಚ್ಚಗೆ ಬಿಡಬೇಕು. ಬೆದರಿದರೆ ಅದು ನುಂಗಿದ್ದನ್ನು ಕಕ್ಕೀತು.

ಇವೆಲ್ಲ ಅನುಮತಿ ಪಡೆದ ಪರಿಣತರ ಕೆಲಸ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಕಾಳಿಂಗವನ್ನು ಮನೆಯಲ್ಲಿ ಸಾಕುವಂತಿಲ್ಲ. ತೋಟದ ಕೇರೆಹಾವನ್ನು ಕೊಲ್ಲದಿದ್ದರೆ ಕಾಳಿಂಗದ ಆಹಾರವನ್ನು ನಾವು ಉಳಿಸಿದಂತೆಯೇ ಸರಿ.